ಕೋಸ್ಟಾರಿಕಾದಲ್ಲಿ 16 ದಿನ: ಸೆಪ್ಟೆಂಬರ್ ಕೊನೆಗೆ ಯಾವ ಕಾಡು, ಯಾವ ಕಡಲು?

ದಾರಿಹೋಕ (ಪ್ರಶ್ನೆ):

ಎಲ್ಲರಿಗೂ ನಮಸ್ಕಾರ. ಸೆಪ್ಟೆಂಬರ್ 24ರಿಂದ ಅಕ್ಟೋಬರ್ 9ರವರೆಗೆ ನಾನು ಮತ್ತು ನನ್ನ ತಂಗಿ ಕೋಸ್ಟಾರಿಕಾದಲ್ಲಿ ಬೆನ್ನಿಗೊಂದು ಚೀಲ ಹಾಕಿಕೊಂಡು ತಿರುಗಬೇಕೆಂದಿದ್ದೇವೆ. ವಿಮಾನದ ಟಿಕೆಟ್ ಆಗಿರುವುದರಿಂದ ದಿನಾಂಕ ಬದಲಿಸಲಾಗದು. ಸ್ಯಾನ್ ಹೋಸೆ, ಲಾ ಫೋರ್ಟುನಾ, ಮೊಂಟೆವೆರ್ಡೆ, ಟಮರಿಂಡೊ, ಮ್ಯಾನುಯೆಲ್ ಆಂಟೋನಿಯೊ, ಕೊರ್ಕೊವಾಡೊ, ಕೊನೆಗೆ ಪುಯೆರ್ಟೊ ವಿಯೆಹೊ ಎಂದು ಪಟ್ಟಿ ಮಾಡಿದ್ದೇನೆ. ಇಡೀ ದೇಶದ ವಿಸ್ತೀರ್ಣ ಸುಮಾರು 51,000 ಚದರ ಕಿಲೋಮೀಟರ್ ಮಾತ್ರವಾದ್ದರಿಂದ ಇವಿಷ್ಟನ್ನೂ ನೋಡಬಹುದು ಎನಿಸಿತು. ನಾವು ಕಾರು ಬಾಡಿಗೆಗೆ ಪಡೆಯುವುದಿಲ್ಲ, ಇಬ್ಬರೂ ಸಸ್ಯಾಹಾರಿಗಳು, ತಂಗಿಗೆ ಈಜು ಅಷ್ಟಾಗಿ ಬಾರದು. ಕಾಡುಪ್ರಾಣಿಗಳನ್ನು ಅವುಗಳ ನೆಲೆಯಲ್ಲೇ ನೋಡಬೇಕೆಂಬುದು ಅವಳ ಬಹುದಿನದ ಆಸೆ. ಈ ಪಟ್ಟಿಯಲ್ಲಿ ಯಾವುದನ್ನು ಉಳಿಸಿಕೊಳ್ಳಬೇಕು, ಯಾವುದನ್ನು ಬಿಡಬೇಕು ಎಂದು ಅನುಭವವಿರುವವರು ತಿಳಿಸಿದರೆ ಉಪಕಾರವಾಗುತ್ತದೆ.

ಮಳೆಕಾಡು:

ನಮಸ್ಕಾರ. ನಕ್ಷೆಯಲ್ಲಿ ಕಾಣುವ ಅಂತರವನ್ನು ನಂಬಿ ಯೋಜನೆ ಹಾಕಬೇಡಿ. ದೇಶದ ನಡುವೆ ಉದ್ದಕ್ಕೂ ಬೆಟ್ಟಸಾಲು ಹಾದುಹೋಗಿರುವುದರಿಂದ ನೂರೈವತ್ತು ಕಿಲೋಮೀಟರಿಗೂ ಕಡಿಮೆ ದೂರವಿರುವ ಸ್ಯಾನ್ ಹೋಸೆ–ಮೊಂಟೆವೆರ್ಡೆ ಪ್ರಯಾಣಕ್ಕೆ ಬಸ್ಸಿನಲ್ಲಿ ನಾಲ್ಕೂವರೆ ಗಂಟೆಯಾದರೂ ಹಿಡಿಯುತ್ತದೆ. ಏಳು ಊರುಗಳೆಂದರೆ ನಿಮ್ಮ ಹಗಲಿನ ಬಹುಪಾಲು ಬಸ್ಸಿನ ಕಿಟಕಿಯ ಬಳಿಯೇ ಕಳೆದುಹೋಗುತ್ತದೆ.

ಅದಕ್ಕಿಂತ ಮುಖ್ಯವಾದ ವಿಷಯ ಮಳೆಯದು. ಪೆಸಿಫಿಕ್ ಬದಿಯಲ್ಲಿ ಮೇ ತಿಂಗಳಿನಿಂದ ನವೆಂಬರ್‌ವರೆಗೆ ಮಳೆಗಾಲ. ಅದರಲ್ಲೂ ಸೆಪ್ಟೆಂಬರ್ ಮತ್ತು ಅಕ್ಟೋಬರ್ ಅತಿ ಹೆಚ್ಚು ಮಳೆ ಸುರಿಯುವ ತಿಂಗಳುಗಳು. ಅದೇ ಹೊತ್ತಿಗೆ ಕೆರಿಬಿಯನ್ ಬದಿಯಲ್ಲಿ ಮಳೆ ಇಳಿಮುಖವಾಗಿ, ವರ್ಷದ ಬಹುಕಾಲ ಒರಟಾಗಿರುವ ಅಲ್ಲಿನ ಕಡಲು ಶಾಂತವಾಗುತ್ತದೆ. ಹೆಚ್ಚಿನ ಪ್ರವಾಸಿಗರು ಡಿಸೆಂಬರ್–ಏಪ್ರಿಲ್ ನಡುವೆ ಬರುವುದರಿಂದ ಪ್ರವಾಸದ ಬರಹಗಳೆಲ್ಲ ಪೆಸಿಫಿಕ್ ಕಡಲತೀರಗಳನ್ನೇ ಹೊಗಳುತ್ತವೆ. ನಿಮ್ಮ ದಿನಗಳಿಗೆ ಟಮರಿಂಡೊ ಮತ್ತು ಮ್ಯಾನುಯೆಲ್ ಆಂಟೋನಿಯೊ ಎರಡನ್ನೂ ಕೈಬಿಟ್ಟು ಕೆರಿಬಿಯನ್ ತೀರದಲ್ಲಿ ಒಂದು ವಾರ ಇರುವುದೇ ಸರಿ ಎಂದು ನನಗೆ ದೃಢವಾಗಿ ಅನಿಸುತ್ತದೆ.

ಊರುಗಳ ಕ್ರಮವನ್ನೂ ಬದಲಿಸಿ. ಮೊದಲು ಮೊಂಟೆವೆರ್ಡೆಗೆ ಹೋಗಿ, ಅಲ್ಲಿಂದ ವ್ಯಾನಿನಲ್ಲಿ ಇಳಿದು ಅರೆನಾಲ್ ಸರೋವರವನ್ನು ದೋಣಿಯಲ್ಲಿ ದಾಟಿ ಲಾ ಫೋರ್ಟುನಾ ಸೇರಬಹುದು. ಸರೋವರವನ್ನು ಸುತ್ತಿ ಹೋಗುವ ರಸ್ತೆಗಿಂತ ಇದು ಹತ್ತಿರದ ದಾರಿ. ಲಾ ಫೋರ್ಟುನಾದಿಂದ ರಾಜಧಾನಿ ಸ್ಯಾನ್ ಹೋಸೆಗೆ ಮರಳದೆ ಲಾ ಪವೋನಾ ದೋಣಿಕಟ್ಟೆಗೆ, ಅಲ್ಲಿಂದ ನೀರಿನ ಮೇಲೆ ಟೋರ್ಟುಗೆರೊಗೆ ಹೋಗಿ. ನಿಮ್ಮ ಪಟ್ಟಿಯಲ್ಲಿ ಈ ಊರಿಲ್ಲದಿರುವುದು ನನಗೆ ಆಶ್ಚರ್ಯ ತಂದಿತು. ರಸ್ತೆಯೇ ತಲುಪದ ಈ ಊರಿನ ಮರಳಿನಲ್ಲಿ ಜುಲೈನಿಂದ ಅಕ್ಟೋಬರ್ ಮಧ್ಯದವರೆಗೆ ಹಸಿರು ಕಡಲಾಮೆಗಳು ಮೊಟ್ಟೆಯಿಡುತ್ತವೆ. ಮೊಟ್ಟೆ ಒಡೆಯಲು ಸುಮಾರು ಎರಡು ತಿಂಗಳು ಬೇಕಾಗುವುದರಿಂದ, ನೀವು ಹೋಗುವ ಹೊತ್ತಿಗೆ ತಾಯಾಮೆಗಳ ಜೊತೆಗೆ ಕಡಲಿಗೆ ಹೊರಟ ಮರಿಗಳೂ ಕಾಣಬಹುದು. ಟೋರ್ಟುಗೆರೊದಿಂದ ಕಾಲುವೆಗಳ ಮೂಲಕ ಮೊಯಿನ್‌ಗೆ ದೋಣಿಯಿದೆ. ಅಲ್ಲಿಂದ ದಕ್ಷಿಣಕ್ಕೆ ಕವೀತಾ, ನಂತರ ಪುಯೆರ್ಟೊ ವಿಯೆಹೊ.

ಅಳಿವೆ:

ಮೇಲಿನ ಸಲಹೆಯನ್ನು ಒಪ್ಪುತ್ತೇನೆ. ಕೊರ್ಕೊವಾಡೊ ಬಗ್ಗೆ ಮಾತ್ರ ಸ್ವಲ್ಪ ವಿವರವಾಗಿ ಹೇಳಬೇಕಿದೆ, ಏಕೆಂದರೆ ನಾನು ಅಲ್ಲಿ ನಡೆದಿದ್ದೇನೆ ಮತ್ತು ನೋಡಿದ ಕಾಡುಗಳಲ್ಲೆಲ್ಲ ಅದನ್ನೇ ಹೆಚ್ಚು ಪ್ರೀತಿಸುತ್ತೇನೆ. 1975ರಲ್ಲಿ ರಾಷ್ಟ್ರೀಯ ಉದ್ಯಾನವಾದ ಈ ಕಾಡಿನಲ್ಲಿ ದೇಶದ ನಾಲ್ಕೂ ಜಾತಿಯ ಕೋತಿಗಳಿವೆ. ಸಿರೇನಾ ಅರಣ್ಯ ಠಾಣೆಯ ಹತ್ತಿರ ಬೆಳಗಿನ ಹೊತ್ತು ನಾನು ನಿಂತಿದ್ದಾಗ, ಹಂದಿಯಂತೆ ಕಾಣುವ, ಚಿಕ್ಕ ಸೊಂಡಿಲಿನ ಟೇಪಿರ್ ಒಂದು ತನ್ನ ಪಾಡಿಗೆ ಸೊಪ್ಪು ಮೇಯುತ್ತಾ ನನ್ನ ಮುಂದೆಯೇ ಹಾದುಹೋಯಿತು. ಅಷ್ಟು ದೊಡ್ಡ ಪ್ರಾಣಿ ಅಷ್ಟು ಸದ್ದಿಲ್ಲದೆ ನಡೆಯಬಲ್ಲದೆಂದು ನಾನು ಊಹಿಸಿರಲಿಲ್ಲ.

ಆದರೆ ನಾನು ಹೋದದ್ದು ಫೆಬ್ರವರಿಯಲ್ಲಿ. ಲಾ ಲಿಯೋನಾದಿಂದ ಸಿರೇನಾಕ್ಕೆ ಕಡಲಂಚಿನಲ್ಲೇ ಸಾಗುವ ಕಾಲುದಾರಿಯಲ್ಲಿ ನದಿಗಳ ಅಳಿವೆಗಳನ್ನು ದಾಟಬೇಕು. ಅಲ್ಲಿ ಮೊಸಳೆಗಳಿವೆ, ಬುಲ್ ಶಾರ್ಕ್‌ಗಳೂ ಬರುತ್ತವೆ. ಬೇಸಿಗೆಯಲ್ಲೇ ಕಡಲು ಇಳಿಯುವ ಹೊತ್ತು ನೋಡಿಕೊಂಡು ದಾಟುವ ಜಾಗವದು. ಅಕ್ಟೋಬರ್ ಮಳೆಗೆ ತುಂಬಿದ ನದಿಯಲ್ಲಿ ಈಜು ಬಾರದವರನ್ನು ಇಳಿಸುವ ಮಾತೇ ಬೇಡ. 2014ರಿಂದ ಅಧಿಕೃತ ಮಾರ್ಗದರ್ಶಿಯಿಲ್ಲದೆ ಉದ್ಯಾನದೊಳಗೆ ಪ್ರವೇಶವಿಲ್ಲ, ಆದ್ದರಿಂದ ಖರ್ಚೂ ಹೆಚ್ಚು. ಅದನ್ನು ಇನ್ನೊಂದು ಬೇಸಿಗೆಗೆ ಉಳಿಸಿಕೊಳ್ಳಿ.

ಲಾ ಫೋರ್ಟುನಾ ಬಗ್ಗೆ ಒಂದು ಮಾತು. ಶತಮಾನಗಳ ಕಾಲ ಸುಮ್ಮನಿದ್ದ ಅರೆನಾಲ್ ಜ್ವಾಲಾಮುಖಿ 1968ರ ಜುಲೈನಲ್ಲಿ ಸಿಡಿದು, 2010ರವರೆಗೆ ಲಾವಾ ಉಗುಳುತ್ತಿತ್ತು. ಈಗ ಕೆಂಪು ಲಾವಾ ಕಾಣಿಸದು, ತುದಿಗೆ ಹತ್ತುವುದೂ ನಿಷಿದ್ಧ. ಹಳೆಯ ಲಾವಾ ಹಾಸಿನ ಮೇಲಿನ ಕಾಲುದಾರಿ, ಸುಮಾರು 70 ಮೀಟರ್ ಎತ್ತರದ ಜಲಪಾತ, ಬಿಸಿನೀರಿನ ಬುಗ್ಗೆಗಳು, ಜಿಪ್‌ಲೈನ್ ಇವುಗಳಿಗೆ ಮೂರು ರಾತ್ರಿ ಸಾಕು. ಮೊಂಟೆವೆರ್ಡೆಗೆ ಮಾತ್ರ ಅವಸರ ಮಾಡಬೇಡಿ. ಕೆರಿಬಿಯನ್ ಕಡೆಯಿಂದ ಬೀಸುವ ತೇವದ ಗಾಳಿ ಬೆಟ್ಟವೇರಿ ತಣ್ಣಗಾಗಿ, ಕಾಡಿನೊಳಗೆಯೇ ಮೋಡವಾಗಿ ನಿಲ್ಲುತ್ತದೆ. ಒಂದೊಂದು ಕೊಂಬೆಯ ಮೇಲೂ ಪಾಚಿ, ಆರ್ಕಿಡ್, ಜರೀಗಿಡಗಳ ಪುಟ್ಟ ತೋಟವೇ ಇರುತ್ತದೆ. 1951ರಲ್ಲಿ ಅಮೆರಿಕದಿಂದ ಬಂದು ನೆಲೆಸಿದ, ಕ್ವೇಕರ್ ಎಂಬ ಕ್ರೈಸ್ತ ಪಂಥದ ಕುಟುಂಬಗಳು ನೀರಿನ ಮೂಲ ಉಳಿಸಲೆಂದು ಬೆಟ್ಟದ ಮೇಲಿನ ಕಾಡನ್ನು ಕಡಿಯದೆ ಬಿಟ್ಟರು. 1972ರಲ್ಲಿ ಸಂರಕ್ಷಿತ ಅರಣ್ಯ ಸ್ಥಾಪನೆಯಾಯಿತು. ಬೇರೆಲ್ಲಿಯೂ ಇಲ್ಲದ ಹೊಂಬಣ್ಣದ ನೆಲಗಪ್ಪೆ ಈ ಬೆಟ್ಟದಲ್ಲಿತ್ತು. 1989ರ ನಂತರ ಅದು ಯಾರ ಕಣ್ಣಿಗೂ ಬಿದ್ದಿಲ್ಲ. ಕಾಡು ಹಾಗೆಯೇ ನಿಂತಿದ್ದರೂ ಅದರೊಳಗಿನ ಜೀವವೊಂದು ಇಲ್ಲವಾಗಬಹುದು ಎಂಬುದನ್ನು ಆ ದಾರಿಯಲ್ಲಿ ನಡೆಯುವಾಗ ನನಗೆ ಮರೆಯಲಾಗಲಿಲ್ಲ.

ಬುತ್ತಿಚೀಲ:

ಊಟದ ಬಗ್ಗೆ ಚಿಂತೆ ಬೇಡ. ಕುಟುಂಬಗಳು ನಡೆಸುವ ಸಣ್ಣ ಹೋಟೆಲುಗಳನ್ನು ಅಲ್ಲಿ ಸೋಡಾ ಎನ್ನುತ್ತಾರೆ. ಬೆಳಿಗ್ಗೆ ಅನ್ನ ಮತ್ತು ಕಪ್ಪು ಕಾಳು ಸೇರಿಸಿ ಹುರಿದ ಗಾಯೊ ಪಿಂಟೊ, ಮಧ್ಯಾಹ್ನ ಅನ್ನ, ಕಾಳು, ಪಲ್ಯ, ಹುರಿದ ಬಾಳೆಹಣ್ಣು ಇರುವ ಕಸಾಡೊ ಸಿಗುತ್ತದೆ. ‘ಸಿನ್ ಕಾರ್ನೆ’ ಎಂದರೆ ಮಾಂಸ ಬೇಡವೆಂದು ಅರ್ಥ. ಆದರೆ ಕಾಳಿಗೆ ಹಂದಿಕೊಬ್ಬು ಹಾಕಿದ್ದಾರೆಯೇ ಎಂದು ಬೇರೆಯಾಗಿಯೇ ಕೇಳಬೇಕು. ಕೆರಿಬಿಯನ್ ತೀರದಲ್ಲಿ ತೆಂಗಿನಹಾಲಿನಲ್ಲಿ ಬೇಯಿಸಿದ ಅನ್ನ–ಕಾಳು ಬಹಳ ರುಚಿ.

ಬಸ್ಸಿನಲ್ಲಿ ಪಾಸ್‌ಪೋರ್ಟ್, ಹಣ, ಕ್ಯಾಮೆರಾ ಇರುವ ಚಿಕ್ಕ ಚೀಲವನ್ನು ತೊಡೆಯ ಮೇಲೆಯೇ ಇಟ್ಟುಕೊಳ್ಳಿ. ನಾನು ತಲೆಯ ಮೇಲಿನ ಕಟ್ಟೆಯಲ್ಲಿಟ್ಟು ನಿದ್ದೆ ಹೋಗಿದ್ದಾಗ ಕ್ಯಾಮೆರಾ ಕಳೆದುಕೊಂಡೆ. ಹನ್ನೆರಡು ದಿನಗಳ ಚಿತ್ರಗಳೂ ಅದರೊಂದಿಗೆ ಹೋದವು. ವರ್ಷವಿಡೀ ಸಂಜೆ ಐದೂವರೆ–ಆರರ ಸುಮಾರಿಗೆ ಕತ್ತಲಾಗುವುದರಿಂದ ಹೊಸ ಊರಿಗೆ ಹಗಲಿನಲ್ಲೇ ತಲುಪುವಂತೆ ಹೊರಡಿ.

ದಾರಿಹೋಕ:

ನಿಮ್ಮೆಲ್ಲರಿಗೂ ಮನಃಪೂರ್ವಕ ಧನ್ಯವಾದಗಳು. ಮೊಂಟೆವೆರ್ಡೆ ನಾಲ್ಕು ರಾತ್ರಿ, ಲಾ ಫೋರ್ಟುನಾ ಮೂರು, ಟೋರ್ಟುಗೆರೊ ಎರಡು, ಉಳಿದವು ಕವೀತಾ ಮತ್ತು ಪುಯೆರ್ಟೊ ವಿಯೆಹೊಗೆ ಎಂದು ತಿದ್ದಿಕೊಂಡಿದ್ದೇವೆ. ಕಡಲಾಮೆಯ ಚಿತ್ರ ತೆಗೆಯಬಹುದೇ, ತಂಗಿ ಎಲ್ಲಿ ನೀರಿಗಿಳಿಯಬಹುದು ಎಂಬ ಎರಡು ಪ್ರಶ್ನೆಗಳು ಉಳಿದಿವೆ.

ಮಳೆಕಾಡು:

ಆಮೆಗಳ ಚಿತ್ರ ತೆಗೆಯುವಂತಿಲ್ಲ. ಕ್ಯಾಮೆರಾ, ಮೊಬೈಲ್, ಟಾರ್ಚ್ ಯಾವುದನ್ನೂ ರಾತ್ರಿಯ ತೀರಕ್ಕೆ ಒಯ್ಯಬಾರದು. ಬೆಳಕು ಕಂಡರೆ ತಾಯಾಮೆ ಮೊಟ್ಟೆಯಿಡದೆ ಹಿಂದಿರುಗಬಹುದು. ಪರವಾನಗಿ ಪಡೆದ ಮಾರ್ಗದರ್ಶಿಯ ಜೊತೆ ಗಾಢ ಬಣ್ಣದ ಬಟ್ಟೆ ತೊಟ್ಟು ಹೋಗಿ.

ಟೋರ್ಟುಗೆರೊ ಕಡಲಿಗೆ ಈಜು ಬಲ್ಲವರೂ ಇಳಿಯಬಾರದು, ಸೆಳೆತ ಬಹಳ. ಪುಯೆರ್ಟೊ ವಿಯೆಹೊದಿಂದ ಮಂಜಾನಿಯೊವರೆಗಿನ ಸುಮಾರು 13 ಕಿಲೋಮೀಟರ್ ರಸ್ತೆಯಲ್ಲಿ ಬಾಡಿಗೆ ಸೈಕಲ್ ತುಳಿದು ಹೋದರೆ ನಡುವೆ ಪುಂಟಾ ಉವಾ ಸಿಗುತ್ತದೆ. ಶಾಂತವಾದ ದಿನ ಅಲ್ಲಿ ಸೊಂಟಮಟ್ಟದ ನೀರಿನಲ್ಲಿ ನಿಮ್ಮ ತಂಗಿ ಆಡಬಹುದು. ಇಳಿಯುವ ಮುನ್ನ ಊರಿನವರನ್ನು ಕೇಳಿಕೊಳ್ಳಿ.

ಇನ್ನೊಂದು ವಿಷಯ: ಕೆರಿಬಿಯನ್ ತೀರದ ಲಿಮೋನ್ ಕಡೆಯಿಂದ ಸ್ಯಾನ್ ಹೋಸೆಗೆ ಮರಳುವ 32ನೇ ಹೆದ್ದಾರಿ ಬೆಟ್ಟದಲ್ಲಿ ಗುಡ್ಡ ಕುಸಿದು ಆಗಾಗ ಮುಚ್ಚುತ್ತದೆ. ಆದ್ದರಿಂದ ಅಕ್ಟೋಬರ್ 8ರ ಬೆಳಗಿನ ಬಸ್ಸಿಗೇ ಹೊರಟು, ಕೊನೆಯ ರಾತ್ರಿ ವಿಮಾನ ನಿಲ್ದಾಣವಿರುವ ಅಲಾಹುಯೆಲಾದಲ್ಲಿ ತಂಗಿರಿ.