ಜಿಮ್ ಗೆಳೆಯನ ಟ್ರೀಟ್‌ಮೆಂಟ್‌ಗೆ 'ಸಾವಿರ ಬಸ್ಕಿ': ಮಾಡೋಣ್ವಾ, ಬೇಡ್ವಾ?

ಟ್ರೈನರ್_ಮೈಸೂರು: ನಮ್ ಜಿಮ್ಮಿಗೆ ಆರು ವರ್ಷದಿಂದ ಬರ್ತಿದ್ದ ಹುಡುಗನಿಗೆ ಬ್ಲಡ್ ಕ್ಯಾನ್ಸರ್, ಎಎಂಎಲ್ ಅಂತೆ. ಬೆಳಗ್ಗೆ ಐದೂವರೆಗೆ ನಾನು ಶಟರ್ ಎತ್ತೋಕೆ ಮುಂಚೆನೇ ಬಂದು ಮೆಟ್ಲ ಮೇಲೆ ಕೂತಿರ್ತಿದ್ದೋನು, ಈಗ ಬೆಂಗ್ಳೂರಲ್ಲಿ ಕೀಮೋ ತಗೊಳ್ತಾ ಇದಾನೆ, ಮುಂದೆ ಸ್ಟೆಮ್ ಸೆಲ್ ಟ್ರಾನ್ಸ್‌ಪ್ಲಾಂಟ್, ಅಂದ್ರೆ ಮ್ಯಾಚ್ ಆಗೋ ದಾನಿಯಿಂದ ರಕ್ತ ಹುಟ್ಟಿಸೋ ಕಣ ತಗೊಂಡು ಹಾಕೋದು, ಬೇಕು ಅಂದಿದಾರೆ. ಬರೋ ತಿಂಗ್ಳು ಒಂದು ಭಾನುವಾರ ಒಬ್ಬೊಬ್ರು ಸಾವಿರ ಬಸ್ಕಿ ಹೊಡೆಯೋದು, ಎಂಟ್ರಿ 500 ರೂಪಾಯಿ, ಅವ್ನ ಫೋಟೋ ಇರೋ ಬ್ಯಾನರ್, ಪ್ರೋಟೀನ್ ಅಂಗಡಿಯೋರು ಟೀಶರ್ಟ್ ಕೊಡ್ತಾರೆ. ಏನಂತೀರ?

ಸರಸ್ವತಿಪುರಂ_ರನ್ನರ್: ದುಡ್ಡು ಕೊಡೋದಾದ್ರೆ ಕೊಟ್ಬಿಡಿ ಸಾರ್, ಶಾಮಿಯಾನ, ಮೈಕ್ ಸೆಟ್ ಎಲ್ಲಾ ಯಾಕೆ. 200 ಜನ ಬಂದ್ರೆ ಒಂದು ಲಕ್ಷ, ಅದ್ರಲ್ಲಿ ಖರ್ಚು ಕಳೆದ್ರೆ ಆ ಹುಡುಗನಿಗೆ ಉಳಿಯೋದೆಷ್ಟು? ಅಲ್ದೆ ಸರ್ಕಾರದ ಆರೋಗ್ಯ ಕಾರ್ಡ್ ಇದ್ಯಲ್ಲ.

ಟ್ರೈನರ್_ಮೈಸೂರು: ಅವ್ರದ್ದು ಎಪಿಎಲ್ ಕಾರ್ಡು. ಬಿಪಿಎಲ್ ಆಗಿದ್ರೆ ವರ್ಷಕ್ಕೆ 5 ಲಕ್ಷದವರೆಗೆ ಸಿಗುತ್ತೆ, ಎಪಿಎಲ್‌ಗೆ ಪ್ಯಾಕೇಜಿನ ಶೇ. 30 ಮಾತ್ರ, ಅದೂ ಒಂದೂವರೆ ಲಕ್ಷದ ಒಳಗೆ.

ಹಳೇ_ಗರಡಿ: ರನ್ನರ್ ಅವ್ರೇ, 'ಕೊಟ್ಬಿಡಿ' ಅಂದ್ರೆ ಹತ್ತು ಜನ ಕೊಡ್ತಾರೆ, ಒಂದ್ಕಡೆ ಸೇರಿ ಬೆವರು ಸುರಿಸಿದ್ರೆ ನೂರು ಜನ ಕೊಡ್ತಾರೆ, ನಮ್ ಗರಡಿಲಿ ನಾನೇ ನೋಡಿದೀನಿ. ಆದ್ರೆ ಟ್ರೈನರೇ, ಸಾವಿರ ಬೇಡಪ್ಪ. ನಮ್ ಉಸ್ತಾದ್ರು ನೂರರಿಂದ ಶುರು ಮಾಡ್ಸಿ ವರ್ಷಗಟ್ಲೆ ಏರಿಸ್ತಿದ್ರು. ಅಭ್ಯಾಸ ಇಲ್ದೋರು ಒಂದೇ ದಿನ ಅಷ್ಟು ಹೊಡೆದ್ರೆ ತೊಡೆ ಸ್ನಾಯು ಒಡೆದು ಅದು ರಕ್ತಕ್ಕೆ ಸೇರಿ ಕಿಡ್ನಿಗೆ ಹೊಡೆತ ಬೀಳುತ್ತೆ, ಮೂತ್ರ ಕೋಲಾ ಬಣ್ಣಕ್ಕೆ ತಿರುಗುತ್ತೆ. ಒಬ್ಬನ್ನ ಉಳ್ಸೋಕೆ ಹೋಗಿ ಇನ್ನೊಬ್ಬನ್ನ ಆಸ್ಪತ್ರೆಗೆ ಸೇರಿಸ್ಬೇಕಾಗುತ್ತೆ. ಟೀಮ್ ಮಾಡಿ, ಹತ್ತು ಜನ ಸೇರಿ ಸಾವಿರ ಮಾಡ್ಲಿ.

ಬ್ಲಡ್‌ಬ್ಯಾಂಕ್_ಕೆಲಸ: ದುಡ್ಡಿನ ಮಾತೇ ಆಯ್ತು, ಇದನ್ನೂ ಕೇಳಿ. ಕೀಮೋ ಆದ್ಮೇಲೆ ಪ್ಲೇಟ್‌ಲೆಟ್, ಅಂದ್ರೆ ರಕ್ತ ಹೆಪ್ಪುಗಟ್ಟಿಸೋ ಕಣ, ಕೆಳಗೆ ಬೀಳುತ್ತೆ, ಆಗ ಬೇರೆಯೋರು ಕೊಟ್ಟಿದ್ದನ್ನೇ ಹಾಕ್ಬೇಕು, ಅದು ಐದೇ ದಿನ ಇರೋದು, ಕೂಡಿಡೋಕೆ ಆಗಲ್ಲ. ಮಧ್ಯರಾತ್ರಿ ಮನೆಯೋರು ಗುರುತಿರೋ ನಂಬರಿಗೆಲ್ಲ ಫೋನ್ ಮಾಡ್ತಾ ಕಾರಿಡಾರಲ್ಲಿ ಓಡಾಡೋದನ್ನ ನಾನು ಎಷ್ಟೋ ಸಲ ನೋಡಿದೀನಿ. ಜಿಮ್ ಹುಡುಗ್ರಲ್ಲಿ ಬೆಂಗ್ಳೂರಲ್ಲಿ ಕೆಲ್ಸದಲ್ಲಿರೋರು ಬೇಕಾದಷ್ಟು ಜನ ಇರ್ತಾರೆ, ಒಂದು ಪಟ್ಟಿ ಮಾಡಿ. ಮಾಮೂಲಿ ರಕ್ತ ಆದ್ರೆ ಗಂಡಸ್ರು ಮೂರು ತಿಂಗ್ಳಿಗೊಂದ್ಸಲ ಮಾತ್ರ, ಪ್ಲೇಟ್‌ಲೆಟ್ ಆದ್ರೆ 48 ಗಂಟೆ ಕಳೆದ್ಮೇಲೆ ಮತ್ತೆ ಕೊಡ್ಬೋದು. ಟ್ಯಾಟೂ ಹಾಕಿಸ್ಕೊಂಡು 12 ತಿಂಗ್ಳು ಆಗಿರ್ಬೇಕು, ಆಸ್ಪಿರಿನ್ ನುಂಗಿದ್ರೆ ಮೂರು ದಿನ ಬಿಡ್ಬೇಕು. ಇನ್ನೊಂದು, ಅವತ್ತೇ ಸ್ಟೆಮ್ ಸೆಲ್ ದಾನಿಗಳ ನೋಂದಣಿ ಮಾಡೋ ಸಂಸ್ಥೆಯೋರನ್ನ ಕರ್ಸಿ, ದಾತ್ರಿ ಇದೆ, ಡಿಕೆಎಂಎಸ್ ಇದೆ. ಕೆನ್ನೆ ಒಳಗೆ ಹತ್ತಿ ಕಡ್ಡಿ ಆಡ್ಸಿದ್ರೆ ಮುಗೀತು, ಸೂಜಿ ಇಲ್ಲ.

ಸರಸ್ವತಿಪುರಂ_ರನ್ನರ್: ಇದನ್ನ ಒಪ್ತೀನಿ. ಆದ್ರೆ ಫೋಟೋ ಬ್ಯಾನರ್ ಮಾತ್ರ ನಂಗೆ ಸರಿ ಅನ್ಸಲ್ಲ. ಕ್ಯಾನ್ಸರಿಂದ ಕಾಲು ಕಳ್ಕೊಂಡ ಕೆನಡಾದ ಟೆರಿ ಫಾಕ್ಸ್ ಕ್ಯಾನ್ಸರ್ ಸಂಶೋಧನೆಗೆ ದುಡ್ಡು ಸೇರ್ಸೋಕೆ 1980ರಲ್ಲಿ ಕೃತಕ ಕಾಲಲ್ಲಿ 143 ದಿನ, 5,373 ಕಿ.ಮೀ. ಓಡಿದ್ದು ಅವ್ರದ್ದೇ ತೀರ್ಮಾನ, ಕಂಪನಿಗಳ ಜಾಹೀರಾತಿಗೆ ಅವ್ರು ಒಪ್ಲಿಲ್ಲ. ಇಲ್ಲಿ ಆ ಹುಡುಗನ್ನ ಯಾರಾದ್ರೂ ಕೇಳಿದ್ರಾ?

ಅವನ_ಅಕ್ಕ: ನಾನು ಅವ್ನ ಅಕ್ಕ. ಅಣ್ಣ, ನೀವು ಮಾಡ್ತಿರೋದಕ್ಕೆ ಕೈ ಮುಗೀತೀನಿ. ಆದ್ರೆ ಫೋಟೋ ಬೇಡ ಅಂತ ಅವ್ನೇ ಹೇಳ್ದ, ಕೂದ್ಲು ಇರೋ ಹಳೇ ಫೋಟೋ ಹಾಕಿದ್ರೂ ಬೇಡ್ವಂತೆ. ಒಡಹುಟ್ಟಿದವ್ರ ಸ್ಟೆಮ್ ಸೆಲ್ ಪೂರ್ತಿ ಮ್ಯಾಚ್ ಆಗೋ ಸಾಧ್ಯತೆ ನಾಲ್ಕರಲ್ಲಿ ಒಂದು ಅಂದಿದ್ರು, ನಂದು ಟೆಸ್ಟ್ ಮಾಡ್ಸಿದ್ವಿ, ಆಗ್ಲಿಲ್ಲ. ಆ ರಿಪೋರ್ಟ್ ಕೈಗೆ ಬಂದ ದಿನ ನಾನು ಅವ್ನ ಮುಖ ನೋಡೋಕಾಗ್ದೆ ಆಚೆ ನಿಂತಿದ್ದೆ. ಕೆನ್ನೆ ಟೆಸ್ಟಿಗೆ ಹೆಸ್ರು ಕೊಡೋರು ಬಂದ್ರೆ ಸಾಕು, ನಮ್ಮವ್ನಿಗೇ ಮ್ಯಾಚ್ ಆಗ್ಬೇಕು ಅಂತೇನಿಲ್ಲ, ಇನ್ಯಾರಿಗೋ ಆದ್ರೂ ಆಗ್ಲಿ.

ಹಳೇ_ಗರಡಿ: ತಾಯಿ, ನಂಗೆ ವಯಸ್ಸಾಯ್ತು, ನನ್ ಹೆಸ್ರು ತಗೊಳಲ್ಲ. ನನ್ ಇಬ್ರು ಮಕ್ಕಳು, ಗರಡಿ ಹುಡುಗ್ರು ಹನ್ನೆರಡು ಜನ ಬರ್ತಾರೆ.

ಕುವೆಂಪುನಗರ_ಅಕೌಂಟೆಂಟ್: ದುಡ್ಡು ಜಿಮ್ ಖಾತೆಗೆ ಬೇಡ, ಆಸ್ಪತ್ರೆಲಿ ಅವ್ನ ಹೆಸ್ರಿನ ಬಿಲ್ಲಿಗೇ ಕಟ್ಟಿ ರಸೀದಿ ಗ್ರೂಪಿಗೆ ಹಾಕಿ. ಒಬ್ಬ ವ್ಯಕ್ತಿಗೆ ಕೊಟ್ಟಿದ್ದಕ್ಕೆ ದೇಣಿಗೆಯ ಆದಾಯ ತೆರಿಗೆ ವಿನಾಯ್ತಿ ಬರಲ್ಲ, ಅದನ್ನ ಮೊದ್ಲೇ ಹೇಳ್ಬಿಡಿ, ಆಮೇಲೆ ಮನಸ್ತಾಪ ಬೇಡ.

ಟ್ರೈನರ್_ಮೈಸೂರು: ಅಕ್ಕ, ಕೇಳ್ದೆ ಬ್ಯಾನರ್ ಮಾಡ್ಸೋಕೆ ಹೋಗಿದ್ದು ನನ್ ತಪ್ಪು, ಇವತ್ತೇ ಪ್ರಿಂಟಿಂಗ್ ನಿಲ್ಸಿದೀನಿ. ಟೀಶರ್ಟೂ ಬೇಡ. ಹತ್ತು ಜನರ ಟೀಮು, ಒಬ್ರಿಗೆ ನೂರು ಬಸ್ಕಿ, ಪಕ್ಕದಲ್ಲಿ ನೋಂದಣಿ ಟೇಬಲ್ಲು, ಪ್ಲೇಟ್‌ಲೆಟ್ ಪಟ್ಟಿ. ಬೆಂಗ್ಳೂರಲ್ಲಿರೋರು ಬ್ಲಡ್ ಗ್ರೂಪು, ಯಾವ ಏರಿಯಾ ಅಂತ ನಂಗೆ ಮೆಸೇಜ್ ಮಾಡಿ, ಅವ್ನ ಮುಂದಿನ ಕೀಮೋ ಸೋಮವಾರ ಶುರು.