ಸೇವಂತಿಗೆ ಮೊಗ್ಗೇ ಬಿಡುತ್ತಿಲ್ಲ, ಸಹಾಯ ಬೇಕು

ಎಲ್ಲರಿಗೂ ನಮಸ್ಕಾರ. ಮನೆ ಮುಂದಿನ ಪಾತಿಯಲ್ಲಿರುವ ನನ್ನ ಸೇವಂತಿಗೆ ಸೊಂಪಾಗಿ ಬೆಳೆದಿದೆ. ಎಲೆ ಕಡು ಹಸಿರು, ಕವಲು ಜಾಸ್ತಿ. ಆದರೆ ಒಂದು ಮೊಗ್ಗೂ ಇಲ್ಲ. ಅದರ ಬುಡದಿಂದಲೇ ತೆಗೆದು ಹಿತ್ತಲಿನ ಕುಂಡದಲ್ಲಿ ನೆಟ್ಟ ಮರಿ ಮಾತ್ರ ಮೈತುಂಬ ಮೊಗ್ಗು ಬಿಟ್ಟಿದೆ!

ಎರಡಕ್ಕೂ ಬಿಸಿಲು, ನೀರು ಒಂದೇ ಥರ. ಸಾರಜನಕ ಹೆಚ್ಚಾಗಿರಬಹುದು ಅಂತ ಗೊಬ್ಬರ ನಿಲ್ಲಿಸಿ ನೋಡಿದೆ. ಕುಡಿ ಚಿವುಟುವುದನ್ನು ಬಿಟ್ಟೂ ತುಂಬಾ ದಿನವಾಯಿತು. ಸಸ್ಯಹೇನು ಬಂದಿತ್ತು, ಬೇವಿನೆಣ್ಣೆ ಸಿಂಪಡಿಸಿದ ಮೇಲೆ ಹೋಯಿತು.

ಈಗ ನನ್ನ ಅನುಮಾನ ಬಾಗಿಲ ದೀಪದ ಮೇಲೆ. ಸೇವಂತಿಗೆ ಮೊಗ್ಗು ಕಟ್ಟಲು ರಾತ್ರಿ ಉದ್ದವಿರಬೇಕು, ನಡುವೆ ಬೆಳಕು ಬಿದ್ದರೂ ತಡವಾಗುತ್ತದೆ ಅಲ್ವಾ? ಆ ದೀಪ ರಾತ್ರಿಯಿಡೀ ಉರಿಯುತ್ತದೆ. ಮನೆಯಲ್ಲಿ ವಯಸ್ಸಾದವರಿದ್ದಾರೆ, ಆರಿಸುವ ಹಾಗಿಲ್ಲ. ಕಿತ್ತು ಬೇರೆ ಕಡೆ ನೆಡೋಣ ಅಂದರೆ ಬೇರಿಗೆ ಪೆಟ್ಟಾಗುವ ಭಯ. ತುಂಬಾ ಪ್ರೀತಿಯಿಂದ ಬೆಳೆಸಿದ ಗಿಡ ಇದು.

ಹಾಗಾಗಿ ದಿನಾ ಸುಮಾರು 14 ಗಂಟೆ ಕತ್ತಲೆ ಸಿಗುವಂತೆ ಸಂಜೆಯಿಂದ ಕಪ್ಪು ಬಟ್ಟೆ ಹೊದಿಸಬೇಕು ಅಂದುಕೊಂಡಿದ್ದೇನೆ. ಗೊಂದಲ ಇರುವುದು ಇಲ್ಲಿ: ಮೊಗ್ಗು ಕಂಡ ಕೂಡಲೇ ಹೊದಿಸುವುದನ್ನು ನಿಲ್ಲಿಸಬಹುದಾ, ಅಥವಾ ಮೊಗ್ಗಿನಲ್ಲಿ ಬಣ್ಣ ಕಾಣುವವರೆಗೂ ಮುಂದುವರಿಸಬೇಕಾ? ಮಾಡಿ ನೋಡಿದವರು ದಯವಿಟ್ಟು ತಿಳಿಸಿ.