ಮಾವನವರಿಗೆ ಎನಿಮಾ ಕೊಡಬಹುದಾ? ಒಳಗೆ ಬಾಟಲಿ ಸಿಕ್ಕಿಕೊಂಡಿದೆ

ಪ್ರಶ್ನೆ (ಹಡಪ್ಸರ್, ಪುಣೆ):
ಹೆಸರು ಹಾಕುತ್ತಿಲ್ಲ, ತಪ್ಪು ತಿಳಿಯಬೇಡಿ. ಮಾವನವರಿಗೆ 78. ಬಾಗಲಕೋಟೆಯಿಂದ ಬಂದು ನಮ್ಮ ಜೊತೆಗೇ ಇದ್ದಾರೆ. ಐದು ದಿನದಿಂದ ಹೊಟ್ಟೆ ಕಟ್ಟಿತ್ತು. ನಿನ್ನೆ ಕೊಬ್ಬರಿ ಎಣ್ಣೆಯ ಪುಟ್ಟ ಪ್ಲಾಸ್ಟಿಕ್ ಬಾಟಲಿಯಿಂದ ಒಳಗೆ ಎಣ್ಣೆ ಬಿಟ್ಟುಕೊಳ್ಳಲು ಹೋಗಿ ಬಾಟಲಿಯೇ ಜಾರಿ ಒಳಗೆ ಹೋಗಿಬಿಟ್ಟಿದೆ. ಅತ್ತೆಗೆ ಹೇಳಿದ್ದು ಇವತ್ತು. ಅತ್ತೆ ಅಡುಗೆಮನೆ ಬಾಗಿಲು ಹಾಕಿಕೊಂಡು ನನಗೆ ಹೇಳಿದರು, ಮಗನಿಗೆ ಹೇಳಬೇಡ ಅಂತಾರೆ. ಎನಿಮಾ ಕೊಟ್ಟರೆ ಬರುತ್ತಾ? ರಕ್ತ ತೆಳುವಾಗುವ ಮಾತ್ರೆಯನ್ನೂ ತಗೋತಾರೆ.

ಉತ್ತರ (ಡೊಂಬಿವಲಿ, ಆಪರೇಷನ್ ಥಿಯೇಟರ್ ನರ್ಸ್):
ಎನಿಮಾ ಬೇಡ, ಜುಲಾಬಿನ ಔಷಧಿಯೂ ಬೇಡ. ಕೈ ಹಾಕಿ ಎಳೆಯೋದಂತೂ ಬೇಡವೇ ಬೇಡ. ಇನ್ನೂ ಮೇಲೆ ಹೋಗುತ್ತೆ, ಕರುಳು ಹರಿಯಬಹುದು. ಸರ್ಜನ್ ಇರುವ ಆಸ್ಪತ್ರೆಗೆ ಈಗಲೇ ಹೊರಡಿ, ನಾಳೆ ಓಪಿಡಿಗೆ ಅಲ್ಲ. ಊಟ, ಚಹಾ ನಿಲ್ಲಿಸಿ, ಅರಿವಳಿಕೆ ಬೇಕಾಗಬಹುದು. ಮಾತ್ರೆ ಡಬ್ಬಿ ಹಾಗೇ ಎತ್ಕೊಂಡು ಹೋಗಿ. ಅದೇ ಅಳತೆಯ ಇನ್ನೊಂದು ಬಾಟಲಿ ಮನೆಯಲ್ಲಿದ್ದರೆ ಅದನ್ನೂ ತಗೊಳ್ಳಿ, ಯಾಕೆಂದರೆ ಪ್ಲಾಸ್ಟಿಕ್ ಎಷ್ಟೋ ಸಲ ಎಕ್ಸ್‌ರೇಯಲ್ಲಿ ಸರಿಯಾಗಿ ಕಾಣಲ್ಲ.
ಹೊಟ್ಟೆ ನೋವು, ವಾಂತಿ, ರಕ್ತ ಕಂಡರೆ 108ಕ್ಕೆ ಫೋನ್ ಮಾಡಿ. ಜ್ವರ ಇಲ್ಲವಲ್ಲ ಅಂತ ಸುಮ್ನೆ ಕೂರಬೇಡಿ. ಈ ವಯಸ್ಸಿನಲ್ಲಿ ಕರುಳು ತೂತಾದರೂ ಕೆಲವರಿಗೆ ಜ್ವರ ಬರಲ್ಲ, ಮಂಕಾಗಿ ಮಲಗಿರ್ತಾರೆ ಅಷ್ಟೇ.
ಮತ್ತೆ, ಯಜಮಾನರಿಗೆ ಹೇಳಿಬಿಡಿ ಅಕ್ಕ. ಆಸ್ಪತ್ರೆಯಲ್ಲಿ ಸಹಿ ಹಾಕಲು, ಓಡಾಡಲು ಒಬ್ಬರು ಬೇಕಲ್ವಾ.

ಉತ್ತರ (ವಾಸ್ಕೊ):
ನಮ್ಮಜ್ಜಿ ಕೂರಲಾಗದೆ ಒದ್ದಾಡಿದಾಗ ಎಲ್ಲರೂ ಮೂಲವ್ಯಾಧಿ ಅಂದುಕೊಂಡು ನಾಲ್ಕು ದಿನ ಮುಲಾಮು ಹಚ್ಚಿದ್ವಿ. ಕೊನೆಗೆ ನೋಡಿದರೆ ನುಂಗಿದ ಮೀನಿನ ಮುಳ್ಳು ಕೆಳಗೆ ಬಂದು ಅಡ್ಡ ಚುಚ್ಚಿಕೊಂಡಿತ್ತು! ಡಾಕ್ಟರ್ ಮುಖದಲ್ಲಿ ಒಂದಿಷ್ಟೂ ಆಶ್ಚರ್ಯ ಇರಲಿಲ್ಲ. ಮಾವನವರಿಗೆ ಇದನ್ನು ಹೇಳಿ.

ಉತ್ತರ (ಕೊಥ್ರೂಡ್, ಸರ್ಜನ್):
ಮೇಲಿನ ನರ್ಸ್ ಹೇಳಿದ್ದು ಸರಿ. ಮೊದಲು ಹೊಟ್ಟೆಯ ಎಕ್ಸ್‌ರೇ. ಜೊತೆಗೆ ಕೂರಿಸಿ ಎದೆಯ ಎಕ್ಸ್‌ರೇ, ಕರುಳು ತೂತಾಗಿದ್ದರೆ ವಪೆಯ (ಎದೆ, ಹೊಟ್ಟೆ ನಡುವಿನ ಸ್ನಾಯುವಿನ ಪರದೆ) ಕೆಳಗೆ ಗಾಳಿ ಕಾಣಬಹುದು. ಅನುಮಾನ ಬಂದರೆ ಸಿಟಿ ಸ್ಕ್ಯಾನ್. ಹೆಚ್ಚಿನವು ಕೆಳಗಿನಿಂದಲೇ ಬರುತ್ತವೆ, ಅರಿವಳಿಕೆಯಲ್ಲಿ ಗುದದ ಸ್ನಾಯು ಸಡಿಲವಾದರೆ ಅರ್ಧ ಕೆಲಸ ಆಯಿತು. ಬಾಟಲಿಯ ತೊಂದರೆ ಬೇರೆ. ಎಳೆದಷ್ಟೂ ಅದರ ಮೇಲ್ಗಡೆ ಗಾಳಿಯಿಲ್ಲದೆ ಹೀರಿ ಹಿಡಿದುಕೊಳ್ಳುತ್ತೆ. ಆಗ ಮೂತ್ರಕ್ಕೆ ಹಾಕುವ ಫೋಲಿ ಕೆಥೆಟರನ್ನು ಪಕ್ಕದಿಂದ ತೂರಿಸಿ ಗಾಳಿ ಬಿಡುತ್ತೇವೆ. ಅದರ ತುದಿಯ ಬಲೂನು ಉಬ್ಬಿಸಿದರೆ ಕೆಳಗೆ ಜಗ್ಗಲೂ ಆಗುತ್ತೆ. ಆಮೇಲೆ ದುರ್ಬೀನು (ಒಳಗೆ ನೋಡುವ ಕೊಳವೆ) ಹಾಕಿ ಒಳಗೆ ಗಾಯ ಇದೆಯಾ ಅಂತ ನೋಡಲೇಬೇಕು. ಹೊಟ್ಟೆ ಕೊಯ್ಯುವುದು ಕರುಳು ತೂತಾಗಿದ್ದರೆ, ಇಲ್ಲವೇ ಕೆಳಗಿನಿಂದ ಬರಲೇ ಇಲ್ಲ ಅಂದರೆ ಮಾತ್ರ.

ಪ್ರಶ್ನೆ ಕೇಳಿದವರು:
ರಾತ್ರಿ ಹನ್ನೊಂದಕ್ಕೆ ಹೊರಗೆ ಬಂತು, ಹೊಟ್ಟೆ ಕೊಯ್ಯಲಿಲ್ಲ. ಒಳಗೆ ಸ್ವಲ್ಪ ತರಚಿದೆಯಂತೆ, ಎರಡು ದಿನ ಅಲ್ಲೇ ಇರಬೇಕು. ಕ್ಯಾಲ್ಸಿಯಂ, ಕಬ್ಬಿಣದ ಮಾತ್ರೆ ಎರಡರಿಂದಲೂ ಹೊಟ್ಟೆ ಕಟ್ಟುತ್ತೆ ಅಂತ ಡಾಕ್ಟರ್ ಅವನ್ನು ಸದ್ಯಕ್ಕೆ ನಿಲ್ಲಿಸಿದ್ದಾರೆ. ಕಾರಿನಲ್ಲಿ ಇವರು ಅಪ್ಪನನ್ನು ಏನೂ ಕೇಳಲಿಲ್ಲ, ದಾರಿಯುದ್ದಕ್ಕೂ ಊರಿನ ಮಳೆ ಬಗ್ಗೆಯೇ ಮಾತಾಡಿದರು. ಅತ್ತೆ ಮನೆಯಲ್ಲಿದ್ದ ಇನ್ನೊಂದು ಎಣ್ಣೆ ಬಾಟಲಿಯನ್ನು ಟ್ರಂಕಿನಲ್ಲಿಟ್ಟು ಬೀಗ ಹಾಕಿದ್ದಾರೆ.